ಮೊದಲು ಓಡಲಿ, ಬಣ್ಣ ಆಮೇಲೆ

“ಮಾಡಿಸಿದರೆ ಪೂರ್ತಿ ಮಾಡಿಸಬೇಕು, ಇಲ್ಲದಿದ್ದರೆ ಕೈಯೇ ಹಾಕಬಾರದು.” ಹಳೆಯ ಕಾರಿನ ಮಾತು ಎದ್ದ ಕಡೆಯಲ್ಲೆಲ್ಲ ಈ ಉಪದೇಶ ತಪ್ಪದೆ ಬರುತ್ತದೆ. ಹೇಳುವವರು ಕೆಟ್ಟವರಲ್ಲ, ಕಾರೆಂದರೆ ಪ್ರಾಣ ಬಿಡುವವರೇ. ಆದರೆ ಅವರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಒಮ್ಮೆ ಇಳಿದು ನೋಡಿ. ಕಂಬದ ಪಕ್ಕ ಕವರು ಹೊದ್ದು, ನಾಲ್ಕೂ ಚಕ್ರದ ಗಾಳಿ ಹೋಗಿ ಕೂತ ಒಂದು ಕಾರು ಇರುತ್ತದೆ. ಅದು ಅವರದೇ. ದುಡ್ಡು ಕೂಡಿದ ಮೇಲೆ ಪೂರ್ತಿ ಮಾಡಿಸೋಣ ಅಂತ ಇಟ್ಟುಕೊಂಡದ್ದು. ದುಡ್ಡು ಕೂಡುವ ಹೊತ್ತಿಗೆ ಮಗಳ ಕಾಲೇಜಿನ ಫೀಸು ಬರುತ್ತದೆ, ಊರಿನಲ್ಲಿ ಅಪ್ಪನ ಮಂಡಿಯ ಆಪರೇಶನ್ ಬರುತ್ತದೆ, ಕೊನೆಗೆ ಸೊಸೈಟಿಯ ನೋಟೀಸು ಬರುತ್ತದೆ. ಒಂದು ಭಾನುವಾರ ಗುಜರಿಯವನು ಬಂದು ಎತ್ತಿಕೊಂಡು ಹೋಗುತ್ತಾನೆ.

ಹೀಗೆ ಹೋದ ಎಷ್ಟೋ ಕಾರುಗಳಿಗೆ ದೊಡ್ಡ ರೋಗವೇನೂ ಇರಲಿಲ್ಲ. ನಿಂತಿದ್ದವು, ಅಷ್ಟೆ. ಓಡುವ ಸ್ಥಿತಿಗೆ ತರಲು ಅವುಗಳಿಗೆ ಬೇಕಾಗಿದ್ದದ್ದು ಒಂದು ಮಧ್ಯಮವರ್ಗದ ಮನೆ ಒಂದೆರಡು ವರ್ಷದಲ್ಲಿ ಹೊಂದಿಸಬಹುದಾದ ಹಣ. ಅವುಗಳ ಮಾಲೀಕರು ಕಾಯುತ್ತಿದ್ದದ್ದು ಅದರ ಏಳೆಂಟು ಪಟ್ಟಿಗೆ. ಈ ‘ಪೂರ್ತಿ’ ಎಂಬ ಪದದ ಮೇಲೆ ನನಗೆ ಸಿಟ್ಟಿದೆ. ಅದನ್ನು ಹೇಳಲಿಕ್ಕೇ ಈ ಬರಹ.

ಮೊದಲು ಯಾವ ಕಾರಿನ ಬಗ್ಗೆ ಮಾತಾಡುತ್ತಿದ್ದೇನೆ ಎಂದು ಹೇಳಿಬಿಡುತ್ತೇನೆ, ಯಾಕೆಂದರೆ ‘ಕ್ಲಾಸಿಕ್’ ಅಂದಕೂಡಲೇ ನಮ್ಮ ಕಣ್ಣೆದುರು ಬರುವುದು ಮಹಾರಾಜರ ಕಾಲದ ಉದ್ದ ಬಾನೆಟ್ಟಿನ ಕಾರು, ಅದರ ಪಕ್ಕ ಟೋಪಿ ಹಾಕಿಕೊಂಡು ನಿಂತ ಮಾಲೀಕ. ನಾನು ಹೇಳುತ್ತಿರುವುದು ಹೋಂಡಾ ಸಿಟಿ ವಿಟೆಕ್ ಬಗ್ಗೆ. 1998ರಲ್ಲಿ ಗ್ರೇಟರ್ ನೋಯ್ಡಾದ ಕಾರ್ಖಾನೆಯಿಂದ ಸಿಟಿ ಹೊರಬಂತು, 2000ದಲ್ಲಿ ಅದರ ವಿಟೆಕ್ ಮಾದರಿ ಬಂತು, 2003ಕ್ಕೆ ನಿಂತೂಹೋಯಿತು. ಒಂದೂವರೆ ಲೀಟರ್ ಎಂಜಿನ್, 106 ಅಶ್ವಶಕ್ತಿ. ಆಗ ಮಾರುತಿ ಎಸ್ಟೀಮ್‌ಗೆ 85, ಹ್ಯುಂಡೈ ಆಕ್ಸೆಂಟ್‌ಗೆ 94. ಇದರ ನಂತರ ಬಂದ ಹೊಸ ತಲೆಮಾರಿನ ಸಿಟಿಯನ್ನು ಮೈಲೇಜಿನ ಆಸೆಗೆ 77ಕ್ಕೆ ಇಳಿಸಿ ಬಿಟ್ಟರು. ಆಗ ಎಂಜಿನಿಯರಿಂಗ್ ಓದುತ್ತಿದ್ದ ನಮಗೆ ವಿಟೆಕ್ ಅಂದರೆ ಏನು ಅನ್ನುವುದನ್ನು ಇಂದಿನ ಹುಡುಗರಿಗೆ ವಿವರಿಸುವುದು ಕಷ್ಟ. ರ್‍ಯಾಲಿಗಳಲ್ಲಿ ಓಡುತ್ತಿದ್ದ ಕಾರು ಅದು, ಪಕ್ಕದ ಮನೆಯ ಬ್ಯಾಂಕ್ ಮ್ಯಾನೇಜರರೂ ಅದನ್ನೇ ತರಬಹುದಿತ್ತು.

ಅದರ ಒಳಗಿನ ಉಪಾಯ ಸರಳ, ಮತ್ತು ನನ್ನ ವಾದಕ್ಕೆ ಬೇಕಾದದ್ದು. ಗಾಳಿ ಎಳೆದುಕೊಳ್ಳುವ ಇನ್‌ಟೇಕ್ ವಾಲ್ವುಗಳನ್ನು ತೆರೆಯಲು ಕ್ಯಾಮ್‌ಶಾಫ್ಟಿನ ಮೇಲೆ ಎರಡು ಬಗೆಯ ಉಬ್ಬುಗಳಿವೆ. ನಿಧಾನಕ್ಕೆ ಹೋಗುವಾಗ ಸಣ್ಣ ಉಬ್ಬು ಕೆಲಸ ಮಾಡುತ್ತದೆ. ಎಂಜಿನ್ನಿನ ಸುತ್ತು ಏರಿದಾಗ ಒಂದು ಸೊಲೆನಾಯ್ಡ್ ತೆರೆದು, ಆಯಿಲ್ಲಿನ ಒತ್ತಡ ಒಂದು ಪಿನ್ನನ್ನು ತಳ್ಳಿ, ರಾಕರ್ ತೋಳುಗಳನ್ನು ಒಂದಕ್ಕೊಂದು ಕೂಡಿಸುತ್ತದೆ. ಆಗ ದೊಡ್ಡ ಉಬ್ಬು ಅಧಿಕಾರ ವಹಿಸಿಕೊಂಡು ವಾಲ್ವುಗಳು ಇನ್ನಷ್ಟು ಅಗಲ, ಇನ್ನಷ್ಟು ಹೊತ್ತು ತೆರೆಯುತ್ತವೆ. ಕಾರಿನ ದನಿಯೇ ಬದಲಾಗುತ್ತದೆ. ಇಷ್ಟೂ ನಡೆಯುವುದು ಆಯಿಲ್ಲಿನ ಒತ್ತಡದ ಬಲದಿಂದ. ಅಂದರೆ ಈ ಕಾರಿನ ಜೀವ ಇರುವುದು ಶುದ್ಧವಾದ ಆಯಿಲ್ಲಿನಲ್ಲಿ, ತೂತು ಕಟ್ಟಿಕೊಳ್ಳದ ಒಂದು ಸಣ್ಣ ಜಾಲರಿಯಲ್ಲಿ. ಬಾಗಿಲಿನ ಬಣ್ಣದಲ್ಲಲ್ಲ.

ಈಗ ಕಥೆಗೆ. ನಮ್ಮ ಪುಣೆಯ ಸೊಸೈಟಿಯಲ್ಲಿ ಧಾರವಾಡ ಕಡೆಯ ಹಿರಿಯರೊಬ್ಬರ 2002ರ ವಿಟೆಕ್ ಇತ್ತು. 2017ಕ್ಕೆ ಹದಿನೈದು ವರ್ಷ ತುಂಬಿ ನೋಂದಣಿ ಮುಗಿಯಿತು, ಅವರ ಕಣ್ಣೂ ಮಂಜಾಯಿತು, ಕಾರು ಬೇಸ್‌ಮೆಂಟಿನಲ್ಲಿ ಎಂಟು ವರ್ಷ ನಿಂತಿತು. ನಲವತ್ತು ಸಾವಿರಕ್ಕೆ ನನಗೆ ಕೊಟ್ಟರು. ಗುಜರಿಯವನೂ ಸುಮಾರು ಅಷ್ಟೇ ಹೇಳಿದ್ದನಂತೆ. “ಅಂವಗ ಕೊಟ್ರ ಒಡೀತಾನ, ನೀವಾದ್ರ ಹೊಡೀತೀರಿ” ಅಂದರು. ಅವರು ಹೇಳಿದ್ದು ಓಡಿಸುವುದನ್ನು.

ಹಳೆಯ ಕಾರುಗಳನ್ನು ‘ರೆಸ್ಟೋರ್’ ಮಾಡುವ ಒಂದು ದೊಡ್ಡ ಸ್ಟುಡಿಯೋದವರನ್ನು ಕರೆಸಿದೆ. ಅವರು ತಮ್ಮನ್ನು ಗ್ಯಾರೇಜು ಎಂದು ಕರೆದುಕೊಳ್ಳುವುದಿಲ್ಲ. ಹುಡುಗರಿಬ್ಬರು ಬಂದರು, ಫೋಟೋ ತೆಗೆದರು, ಬಣ್ಣದ ದಪ್ಪ ಅಳೆಯುವ ಮೀಟರು ಹಿಡಿದು ಸುತ್ತಲೂ ಓಡಾಡಿದರು. ನಾಲ್ಕು ದಿನದ ಮೇಲೆ ಏಳೂವರೆ ಲಕ್ಷದ ಕೊಟೇಶನ್ ಬಂತು, ಹದಿನೆಂಟು ತಿಂಗಳ ಗಡುವು. ಬಾಡಿ ಮತ್ತು ಬಣ್ಣಕ್ಕೇ ನಾಲ್ಕು ಲಕ್ಷ. ಸೀಟಿನ ಚರ್ಮಕ್ಕೆ ಒಂದು ಲಕ್ಷದ ಮೇಲೆ (ಆ ಕಾರಿನ ಸೀಟು ಬಟ್ಟೆಯದು). ಎಂಜಿನ್ ಪೂರ್ತಿ ಬಿಚ್ಚಿ ಕಟ್ಟುವುದಕ್ಕೆ ಒಂದೂವರೆ ಲಕ್ಷ. ಬ್ರೇಕಿನ ಹೆಸರು ‘ಇತರೆ’ ಎಂಬ ಸಾಲಿನಲ್ಲಿ ಅಡಗಿತ್ತು.

ನಾನು ಕೇಳಿದ್ದು ಒಂದೇ ಪ್ರಶ್ನೆ: ಎಂಜಿನ್ ಬಿಚ್ಚಬೇಕು ಅಂತ ನಿಮಗೆ ಹೇಗೆ ಗೊತ್ತಾಯಿತು? ಕಂಪ್ರೆಶನ್ ನೋಡಿದಿರಾ? ನೋಡಿರಲಿಲ್ಲ. ಸ್ಪಾರ್ಕ್ ಪ್ಲಗ್ ತೆಗೆದು ಆ ತೂತಿಗೆ ಒಂದು ಗೇಜು ತಿರುಗಿಸಿ, ಸ್ಟಾರ್ಟರು ತಿರುಗಿಸಿ ಒತ್ತಡ ಓದುವ ಪರೀಕ್ಷೆ ಅದು. ಅರ್ಧ ಗಂಟೆಯ ಕೆಲಸ. ಪಿಸ್ಟನ್ ರಿಂಗು, ವಾಲ್ವು ಹೇಗಿವೆ ಎಂದು ಬಿಚ್ಚದೆ ಹೇಳುತ್ತದೆ. ರಕ್ತದೊತ್ತಡ ನೋಡದೆ ಬೈಪಾಸಿಗೆ ದಿನ ಗೊತ್ತುಮಾಡುವ ಡಾಕ್ಟರರನ್ನು ನಾವು ಬಿಟ್ಟುಬರುತ್ತೇವೆ, ಆದರೆ ಕಾರಿನ ವಿಷಯದಲ್ಲಿ ಇಂಥವರಿಗೆ ‘ಪ್ಯಾಶನ್ ಇರುವವರು’ ಎಂಬ ಬಿರುದು ಕೊಡುತ್ತೇವೆ.

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸುವವನು. ಹತ್ತಾರು ವರ್ಷದಿಂದ ನಡೆಯುತ್ತಿರುವ ವ್ಯವಸ್ಥೆಯೊಂದನ್ನು ನೋಡಿ ‘ಇದನ್ನೆಲ್ಲ ಕಿತ್ತುಹಾಕಿ ಮೊದಲಿಂದ ಬರೆಯೋಣ’ ಎನ್ನುವವನು ಪ್ರತಿ ತಂಡದಲ್ಲೂ ಒಬ್ಬ ಇರುತ್ತಾನೆ. ಸಾಮಾನ್ಯವಾಗಿ ಬುದ್ಧಿವಂತನೇ. ನೆಟ್‌ಸ್ಕೇಪ್ ಹಾಗೆ ತನ್ನ ಬ್ರೌಸರನ್ನು ಮೊದಲಿಂದ ಬರೆಯಲು ಹೊರಟು, 1997ರ ನಾಲ್ಕನೇ ಆವೃತ್ತಿಯ ನಂತರ ಮುಂದಿನ ದೊಡ್ಡ ಆವೃತ್ತಿ ಹೊರಬೀಳುವ ಹೊತ್ತಿಗೆ 2000 ಆಗಿತ್ತು, ಅಷ್ಟರಲ್ಲಿ ಮಾರುಕಟ್ಟೆ ಕೈಬಿಟ್ಟಿತ್ತು. ಬಿಚ್ಚಿದ ಕಾರಿನ ಗತಿಯೂ ಅದೇ. ಬೋಲ್ಟುಗಳು ಪ್ಲಾಸ್ಟಿಕ್ ಚೀಲಗಳಲ್ಲಿ, ಬಾಗಿಲು ಒಂದು ಕಡೆ, ಎಂಜಿನ್ ಇನ್ನೊಂದು ಕಡೆ. ಅರ್ಧಕ್ಕೆ ದುಡ್ಡು ನಿಂತಿತೋ, ಅದನ್ನು ಮತ್ತೆ ಜೋಡಿಸುವವನು ಹುಟ್ಟುವುದಿಲ್ಲ. ನಿಂತ ಕಾರಿಗಾದರೂ ಒಂದು ಗತಿಯುಂಟು, ಬಿಚ್ಚಿಟ್ಟ ಕಾರಿಗೆ ಗುಜರಿಯವನು ಸಹ ಚೌಕಾಶಿ ಮಾಡುತ್ತಾನೆ.

ಸ್ಟುಡಿಯೋದವರನ್ನು ಕಳಿಸಿ ನಾನು ಹುಡುಕಿದ್ದು ಅಕ್ಕಲಕೋಟೆ ಕಡೆಯ ಒಬ್ಬ ಮಿಸ್ತ್ರಿಯನ್ನು. ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡದವರು ಪುಣೆಯ ಗ್ಯಾರೇಜುಗಳಲ್ಲಿ ಸಾಕಷ್ಟಿದ್ದಾರೆ, ಕಿವಿಗೊಟ್ಟರೆ ಕೇಳಿಸುತ್ತದೆ. ಬಂದವರು ಕಾರಿನ ಕವರು ಸರಿಸುವ ಮುಂಚೆಯೇ ಹೇಳಿದ್ದು: “ಸರ, ಚಾವಿ ಮುಟ್ಟಬ್ಯಾಡ್ರಿ. ಮದ್ಲ ಟಾಕಿ ಇಳಸೂಣು.”

ಈ ಒಂದು ಮಾತಿನಲ್ಲಿ ಏಳೂವರೆ ಲಕ್ಷದ ಕೊಟೇಶನ್ನಿನಲ್ಲಿ ಇಲ್ಲದ ತಿಳಿವಳಿಕೆ ಇದೆ. ವರ್ಷಗಟ್ಟಲೆ ನಿಂತ ಪೆಟ್ರೋಲು ಪೆಟ್ರೋಲಾಗಿ ಉಳಿದಿರುವುದಿಲ್ಲ. ಹಗುರವಾದ ಅಂಶ ಹಾರಿಹೋಗಿ, ಉಳಿದದ್ದು ಮೇಣದಂತೆ, ವಾರ್ನಿಶ್‌ನಂತೆ ಅಂಟಾಗಿರುತ್ತದೆ. ಅದರಲ್ಲಿರುವ ಎಥನಾಲ್ ಗಾಳಿಯ ತೇವ ಹೀರಿಕೊಂಡು ಟ್ಯಾಂಕಿನ ತಳದಲ್ಲಿ ನೀರಾಗಿ ಕೂರುತ್ತದೆ, ತುಕ್ಕು ಎಬ್ಬಿಸುತ್ತದೆ. ಕುತೂಹಲಕ್ಕೆ ಹೊಸ ಬ್ಯಾಟರಿ ಹಾಕಿ ಕೀಲಿ ತಿರುಗಿಸಿದಿರೋ, ಪಂಪು ಆ ಕೊಳೆಯನ್ನೆಲ್ಲ ಎಳೆದು ಇಂಜೆಕ್ಟರುಗಳಿಗೆ ತುಂಬುತ್ತದೆ. ಐದು ಸಾವಿರದ ಕೆಲಸ ಇಪ್ಪತ್ತೈದು ಸಾವಿರದ್ದಾಗುತ್ತದೆ. ಇನ್ನೊಂದು, ಎಂಟು ವರ್ಷ ಒಣಗಿದ ಸಿಲಿಂಡರಿನ ಗೋಡೆಗೆ ರಿಂಗುಗಳು ತುಕ್ಕಿನಿಂದ ಕಚ್ಚಿಕೊಂಡಿರಬಹುದು. ಸ್ಟಾರ್ಟರಿನ ಬಲದಲ್ಲಿ ತಿರುಗಿಸಿದರೆ ಗೀರು ಬೀಳುತ್ತದೆ.

ಆದ್ದರಿಂದ ಕ್ರಮ ಹೀಗೆ. ಟ್ಯಾಂಕ್ ಇಳಿಸಿ ತೊಳೆಯುವುದು. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಒಂದಿಷ್ಟು ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಸುಮ್ಮನಿರುವುದು. ನಂತರ ಕ್ರ್ಯಾಂಕಿನ ಬೋಲ್ಟಿಗೆ ಪಾನಾ ಹಾಕಿ ಕೈಯಿಂದ ತಿರುಗಿಸುವುದು. ಹೋಂಡಾದ ಈ ಎಂಜಿನ್ ಉಳಿದವುಗಳಂತೆ ಬಲಕ್ಕೆ ತಿರುಗುವುದಿಲ್ಲ, ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಗೊತ್ತಿಲ್ಲದವರು ತಪ್ಪು ದಿಕ್ಕಿಗೆ ಜಗ್ಗಿ ‘ಜಾಮ್ ಆಗಿದೆ’ ಎಂದು ತೀರ್ಪು ಕೊಡುವುದುಂಟು. ನಮ್ಮದು ಮೊದಲು ಮುನಿಸಿಕೊಂಡಿತು, ಆಮೇಲೆ ನಿಟ್ಟುಸಿರಿಟ್ಟು ತಿರುಗಿತು. ಟೈಮಿಂಗ್ ಬೆಲ್ಟನ್ನು ಸ್ಟಾರ್ಟ್ ಮಾಡುವ ಮೊದಲೇ ಬದಲಿಸಿದೆವು. ನೋಡಲು ಚೆನ್ನಾಗಿಯೇ ಇತ್ತು, ಆದರೆ ರಬ್ಬರು ಕಿಲೋಮೀಟರ್ ಎಣಿಸುವುದಿಲ್ಲ, ವರ್ಷ ಎಣಿಸುತ್ತದೆ. ಈ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೆ ವಾಲ್ವು ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ, ಆಗ ನಿಜವಾಗಿಯೂ ಬಿಚ್ಚಬೇಕಾಗುತ್ತದೆ. ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುವುದರಿಂದ ಪಂಪನ್ನೂ ಆಗಲೇ ಬದಲಿಸಬೇಕು, ಎರಡು ಸಲದ ಕೂಲಿ ಉಳಿಯುತ್ತದೆ. ಆಮೇಲೆ ಕಂಪ್ರೆಶನ್. ನಾಲ್ಕೂ ಸಿಲಿಂಡರು 165ರಿಂದ 175 ಪಿಎಸ್‌ಐ ಒಳಗೆ, ಒಂದಕ್ಕೊಂದು ಹತ್ತಿರ ಹತ್ತಿರ. ಎಂಜಿನ್ ಬಿಚ್ಚುವ ಒಂದೂವರೆ ಲಕ್ಷ ಅಲ್ಲಿಗೆ ಉಳಿಯಿತು.

ಬಿಲ್ಲುಗಳನ್ನು ಎಕ್ಸೆಲ್ ಹಾಳೆಯಲ್ಲಿ ಬರೆದಿಟ್ಟಿದ್ದೇನೆ, ಕಸುಬಿನ ಚಟ. ಒಟ್ಟು 1,02,000 ರೂಪಾಯಿ, ಏಳು ತಿಂಗಳಲ್ಲಿ, ಪ್ರತಿ ತಿಂಗಳ ಸಂಬಳದಿಂದ. ಅದರಲ್ಲಿ ಬ್ರೇಕಿಗೆ 16,500, ಟೈರಿಗೆ 19,000. ಅಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋದದ್ದು ಕಾರು ನಿಲ್ಲುವುದಕ್ಕೆ, ಓಡುವುದಕ್ಕಲ್ಲ. ‘ಅಗ್ಗದಲ್ಲಿ ಓಡುವಂತೆ ಮಾಡುವುದು ಅಪಾಯ’ ಎಂದು ಮೂಗು ಮುರಿಯುವವರಿಗೆ ಈ ಲೆಕ್ಕ ತೋರಿಸುತ್ತೇನೆ. ಬ್ರೇಕ್ ಆಯಿಲ್ ತೇವ ಹೀರುತ್ತದೆ, ಒಳಗಿನಿಂದ ಸಿಲಿಂಡರುಗಳನ್ನು ತಿನ್ನುತ್ತದೆ. ಕ್ಯಾಲಿಪರಿನ ಸೀಲು, ಹಿಂದಿನ ಡ್ರಮ್ಮಿನೊಳಗಿನ ವೀಲ್ ಸಿಲಿಂಡರು, ಮಾಸ್ಟರ್ ಸಿಲಿಂಡರಿನ ಕಿಟ್ಟು, ರಬ್ಬರ್ ಪೈಪುಗಳು, ಎಲ್ಲ ಹೊಸತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ನಮ್ಮದರಲ್ಲಿ 1412 ಎಂದಿತ್ತು, 2012ರ ಹದಿನಾಲ್ಕನೇ ವಾರದ್ದು. ಮೇಲಿನ ಗೆರೆ ಇನ್ನೂ ಆಳವಾಗಿಯೇ ಇತ್ತು, ಮುಟ್ಟಿದರೆ ಕಲ್ಲಿನಷ್ಟು ಗಟ್ಟಿ. ಫಳಫಳ ಹೊಳೆಯುವ ‘ರೆಸ್ಟೋರ್’ ಆದ ಕಾರುಗಳ ಪಕ್ಕ ಬಗ್ಗಿ ಈ ನಾಲ್ಕು ಅಂಕಿ ಓದುವ ಅಭ್ಯಾಸ ಮಾಡಿಕೊಳ್ಳಿ. ಬಣ್ಣಕ್ಕೆ ನಾಲ್ಕು ಲಕ್ಷ ಕೊಟ್ಟವರಲ್ಲಿ ಹಲವರು ಟೈರಿಗೆ ಇಪ್ಪತ್ತು ಸಾವಿರ ಕೊಟ್ಟಿರುವುದಿಲ್ಲ.

ಇಂದಿನ ಕಾರುಗಳ ಸುರಕ್ಷೆ ಇದರಲ್ಲಿಲ್ಲ, ಅದನ್ನು ಒಪ್ಪುತ್ತೇನೆ. ಮಕ್ಕಳನ್ನು ಕೂರಿಸಿಕೊಂಡು ಎಕ್ಸ್‌ಪ್ರೆಸ್‌ವೇ ಮೇಲೆ ಹೋಗಲು ನನ್ನ ಬಳಿ ಬೇರೆ ಕಾರಿದೆ. ಆದರೆ ಏಳೂವರೆ ಲಕ್ಷ ಸುರಿದರೂ ಆ ಸುರಕ್ಷೆ ಬರುವುದಿಲ್ಲವಲ್ಲ.

ಓಡಿಸಲು ಶುರುಮಾಡಿದ ಮೇಲೆ ಬಂದ ತೊಂದರೆಯೊಂದನ್ನು ಹೇಳಲೇಬೇಕು. ಬಿಸಿಲಿನಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ, ಸಂಜೆ ತಂಪಾದ ಮೇಲೆ ಏನೂ ಆಗದಂತೆ ಆಗುತ್ತಿತ್ತು. ಕೀಲಿ ಆನ್ ಮಾಡಿದಾಗ ಎರಡು ಸೆಕೆಂಡು ‘ಗುಂಯ್’ ಎನ್ನಬೇಕಾದ ಪೆಟ್ರೋಲ್ ಪಂಪು ಮೌನ. ಒಬ್ಬರು ಪಂಪು ಬದಲಿಸಿ ಅಂದರು, ಇನ್ನೊಬ್ಬರು ಇಸಿಯು ಹೋಗಿದೆ, ಮೂವತ್ತು ಸಾವಿರ ಅಂದರು. ಆ ಕಾಲದ ಹೋಂಡಾಗಳ ಹಳೆಯ ರೋಗ ಇದು. ಡ್ಯಾಶ್‌ಬೋರ್ಡಿನ ಕೆಳಗಿರುವ ಮೇನ್ ರಿಲೇ ಎಂಬ ಪೆಟ್ಟಿಗೆಯೊಳಗಿನ ಬೆಸುಗೆಗಳು ವರ್ಷಗಳ ಬಿಸಿಗೆ ಕೂದಲೆಳೆಯಷ್ಟು ಬಿರುಕು ಬಿಡುತ್ತವೆ, ಬಿಸಿಯಾದಾಗ ಸಂಪರ್ಕ ತಪ್ಪುತ್ತದೆ. ಪೆಟ್ಟಿಗೆ ತೆಗೆದು, ಮನೆಯ ಊಟದ ಮೇಜಿನ ಮೇಲೆ ಪೇಪರು ಹಾಸಿ, ಸೋಲ್ಡರಿಂಗ್ ಐರನ್ ಹಿಡಿದು ಏಳೆಂಟು ಚುಕ್ಕೆ ಮತ್ತೆ ಬೆಸೆದೆ. ಹತ್ತು ರೂಪಾಯಿಯ ಸೀಸ. ನನ್ನ ಎಂ.ಟೆಕ್ ಮನೆಯವರ ಎದುರು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಇದನ್ನು ಹೇಳಿದ್ದು ಜಂಬಕ್ಕಲ್ಲ. ಇಂಥ ರೋಗ ಗೊತ್ತಾಗುವುದು ಕಾರು ಓಡಿದಾಗ ಮಾತ್ರ. ಹದಿನೆಂಟು ತಿಂಗಳು ಬಿಚ್ಚಿ, ಬಣ್ಣ ಹೊಡೆದು, ಚರ್ಮ ಹೊದಿಸಿ ಕೊಟ್ಟ ಮೇಲೂ ಆ ಬಿರುಕು ಅಲ್ಲೇ ಇರುತ್ತಿತ್ತು, ಮೊದಲ ಮೇ ತಿಂಗಳ ಮಧ್ಯಾಹ್ನದಲ್ಲಿ ಕೈಕೊಡುತ್ತಿತ್ತು. ಏನು ಕೆಟ್ಟಿದೆ ಎಂಬ ಪಟ್ಟಿಯನ್ನು ಕಾರೇ ಕೊಡಬೇಕು, ಕೊಟೇಶನ್ ಬರೆಯುವವನಲ್ಲ. ವಾರಕ್ಕೊಮ್ಮೆ ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದರೆ ಒಂದು ಹೊಸ ಸದ್ದು, ಒಂದು ಹೊಸ ಹನಿ ಆಯಿಲ್ ಕಾಣುತ್ತದೆ. ಒಂದೊಂದನ್ನೇ ಮುಗಿಸುವುದು. ಸಂಬಳಗಾರನಿಗೆ ಹೊಂದುವ ಲೆಕ್ಕ ಇದೇ.

ಮೂಲ ರೂಪ ಕೆಡುತ್ತದೆ ಎನ್ನುವವರಿದ್ದಾರೆ. ಅವರಿಗೆ ಮೈಸೂರಿನ ಕಡೆ ಕೈ ತೋರಿಸುತ್ತೇನೆ. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನಕ್ಕೆಂದು ಇಂದಿಗೂ ರಸ್ತೆಗಿಳಿಯುವ ಜಾವಾ, ಯೆಜ್ದಿಗಳ ಸಾಲು ನೋಡಿದವರಿಗೆ ಗೊತ್ತು. ಅವನ್ನು ಉಳಿಸಿದವರು ಸಂಗ್ರಾಹಕರಲ್ಲ. ಕಾರ್ಬುರೇಟರಿಗೆ ಸಿಕ್ಕ ಜೆಟ್ಟು ಹಾಕಿ, ಸೈಲೆನ್ಸರಿಗೆ ತೇಪೆ ಹಚ್ಚಿ, ಹಾಲಿನ ಕ್ಯಾನು ಕಟ್ಟಿಕೊಂಡೋ, ಮೇಷ್ಟ್ರ ಕೆಲಸಕ್ಕೆ ಹೋಗಿಬರಲೋ ದಿನವೂ ಓಡಿಸಿದವರು. ಅವರು ‘ಪೂರ್ತಿ’ಗೆ ಕಾದಿದ್ದರೆ ಇವತ್ತು ಬೆಲೆ ಕೊಟ್ಟು ಕೊಳ್ಳಲು, ಕ್ರೋಮ್ ಹಾಕಿಸಲು ಗಾಡಿಯೇ ಇರುತ್ತಿರಲಿಲ್ಲ.

ಇನ್ನು ಸರ್ಕಾರದ ವಿಷಯ. ಇಲ್ಲಿ ‘ಪೂರ್ತಿ’ಯವರ ಜೊತೆ ಸರ್ಕಾರವೂ ಕೈಜೋಡಿಸಿದೆ, ಬೇರೆ ದಾರಿಯಿಂದ. 2021ರ ನಿಯಮದ ಪ್ರಕಾರ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನ ‘ವಿಂಟೇಜ್’. ಅದಕ್ಕೆ ‘ವಿಎ’ ಅಕ್ಷರವಿರುವ ವಿಶೇಷ ನಂಬರು, ಗೌರವ. ದಿನನಿತ್ಯ ಓಡಿಸುವ ಹಾಗಿಲ್ಲ, ಪ್ರದರ್ಶನಕ್ಕೆ, ರ್‍ಯಾಲಿಗೆ ಮಾತ್ರ. ಇನ್ನೊಂದು ಕಡೆ 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಎಂದರು. ತಡವಾದರೆ ತಿಂಗಳಿಗೆ 500ರಂತೆ ಹೆಚ್ಚುವರಿ. ಹದಿನೈದಕ್ಕೆ ಕಸ, ಐವತ್ತಕ್ಕೆ ಪರಂಪರೆ. ನಡುವಿನ ಮೂವತ್ತೈದು ವರ್ಷ ಆ ಕಾರನ್ನು ಯಾರು ಸಾಕಬೇಕು? 2052ರಲ್ಲಿ ಒಂದಾದರೂ ಹೋಂಡಾ ಸಿಟಿ ವಿಟೆಕ್‌ಗೆ ‘ವಿಎ’ ನಂಬರು ಸಿಗಬೇಕಾದರೆ, ಅಲ್ಲಿಯವರೆಗೆ ಯಾರೋ ಒಬ್ಬ ಸಂಬಳಗಾರ ದಂಡ ಕಟ್ಟುತ್ತಾ, ಬೆಸುಗೆ ಹಾಕುತ್ತಾ ಅದನ್ನು ಕಾಪಾಡಿರಬೇಕು. ಅಥವಾ ಏಳೂವರೆ ಲಕ್ಷ ಸುರಿದು ಎಸಿ ಗ್ಯಾರೇಜಿನಲ್ಲಿ ಬೀಗ ಹಾಕಿಟ್ಟವನೊಬ್ಬ ಇರಬೇಕು. ನಮ್ಮ ನಿಯಮಗಳು ಎರಡನೆಯವನಿಗಾಗಿ ಬರೆದ ಹಾಗಿವೆ.

ದೆಹಲಿಯಲ್ಲಿರುವ ಓದುಗರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ಮೇಲಿನ ಹಸಿರು ನ್ಯಾಯಮಂಡಳಿಯ ನಿಷೇಧವನ್ನು 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. 2025ರ ಜುಲೈ 1ಕ್ಕೆ ಬಂಕುಗಳಲ್ಲಿ ಕ್ಯಾಮೆರಾ ಇಟ್ಟು ಹಳೆಯ ಗಾಡಿಗೆ ಎಣ್ಣೆ ಕೊಡಬೇಡಿ ಎಂದರು, ಜನ ರೊಚ್ಚಿಗೆದ್ದದ್ದಕ್ಕೆ ಕೆಲವೇ ದಿನಗಳಲ್ಲಿ ಹಿಂದೆ ಸರಿದರು.

ದೆಹಲಿಯ ಗಾಳಿ ವಿಷ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹಳೆಯ ಕಾರು ಇಂದಿನ ಕಾರಿಗಿಂತ ಹೆಚ್ಚು ಹೊಗೆ ಬಿಡುತ್ತದೆ ಎಂಬುದೂ ನಿಜ. ಕ್ಯಾಟಲಿಟಿಕ್ ಕನ್ವರ್ಟರ್ ಸತ್ತಿದ್ದರೆ ಇನ್ನೂ ಹೆಚ್ಚು. ನನ್ನ ಜಗಳ ಹೊಗೆಯನ್ನು ಅಳೆಯದೆ ವಯಸ್ಸು ಅಳೆಯುವುದರ ಮೇಲೆ. ಹೊಗೆ ಹೊರಬರುವುದು ಸೈಲೆನ್ಸರಿನಿಂದ, ಆರ್‌ಸಿ ಪುಸ್ತಕದಿಂದಲ್ಲ. ಪಿಯುಸಿ ಎಂಬ ಹೆಸರಿನಲ್ಲಿ ಬಂಕಿನ ಮೂಲೆಯಲ್ಲಿ ನಡೆಯುವ ಶಾಸ್ತ್ರವನ್ನು ಬಿಟ್ಟು, ರೋಲರಿನ ಮೇಲೆ ಹತ್ತಿಸಿ ಎಂಜಿನ್ನಿಗೆ ಭಾರ ಕೊಟ್ಟು ಅಳೆಯಿರಿ, ಬ್ರೇಕೂ ಅಲ್ಲೇ ನೋಡಿ. ಫೇಲಾದರೆ, ಸರಿಮಾಡಲು ಒಂದು ಅವಕಾಶ ಕೊಟ್ಟು, ಮತ್ತೂ ಫೇಲಾದರೆ ನಾನೇ ಗುಜರಿಗೆ ಬಿಟ್ಟುಬರುತ್ತೇನೆ. ಪಾಸಾದರೆ ನನ್ನ ಪಾಡಿಗೆ ಬಿಡಿ.

ಇಂಗಾಲದ ಲೆಕ್ಕವನ್ನೂ ಮಾಡೋಣ. ಈ ಕಾರು ವರ್ಷಕ್ಕೆ ಹೆಚ್ಚೆಂದರೆ 2,000 ಕಿಲೋಮೀಟರ್ ಓಡುತ್ತದೆ. ಲೀಟರಿಗೆ 12 ಕೊಟ್ಟರೆ ಸುಮಾರು 167 ಲೀಟರ್ ಪೆಟ್ರೋಲು. ಒಂದು ಲೀಟರ್ ಸುಟ್ಟರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್, ಅಂದರೆ ವರ್ಷಕ್ಕೆ 380 ಕಿಲೋ ಆಸುಪಾಸು. ಹತ್ತು ವರ್ಷ ಓಡಿಸಿದರೂ ನಾಲ್ಕು ಟನ್ ದಾಟುವುದಿಲ್ಲ. ಹೊಸ ಕಾರೊಂದು ಕಾರ್ಖಾನೆಯ ಬಾಗಿಲು ದಾಟುವ ಮೊದಲೇ ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್ಕಿನ ಲೆಕ್ಕದಲ್ಲಿ ಹಲವು ಟನ್ ಖರ್ಚು ಮಾಡಿರುತ್ತದೆ. ‘ಹಳೆಯದನ್ನು ಒಡೆಸಿದರೆ ಹೊಸದರ ರಸ್ತೆ ತೆರಿಗೆಯಲ್ಲಿ ಶೇಕಡ 25ರವರೆಗೆ ರಿಯಾಯಿತಿ’ ಎಂಬ ಗುಜರಿ ನೀತಿಯ ಆಮಿಷದಲ್ಲಿ ಪರಿಸರ ಎಷ್ಟು, ಮಾರಾಟ ಎಷ್ಟು ಎಂದು ಓದುಗರೇ ತೂಗಿ ನೋಡಲಿ.

ನಮ್ಮಂಥ ಹೊರನಾಡಿನವರಿಗೆ ಇನ್ನೊಂದು ತೊಡಕು ಜೊತೆಗಿದೆ. ಊರಿನಲ್ಲಿ ಅಪ್ಪನ ಹೆಸರಿನಲ್ಲಿರುವ ಕೆಎ ನಂಬರಿನ ಹಳೆಯ ಕಾರನ್ನು ಇಲ್ಲಿಗೆ ತಂದುಕೊಳ್ಳೋಣ ಎಂದು ಎಷ್ಟೋ ಜನ ಆಸೆಪಡುತ್ತಾರೆ. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿಯ ನಂಬರು ಮಾಡಿಸಬೇಕು. ಅಲ್ಲಿಂದ ಎನ್‌ಒಸಿ, ಇಲ್ಲಿ ಹೊಸದಾಗಿ ತೆರಿಗೆ, ಅಲ್ಲಿ ಕಟ್ಟಿದ್ದಕ್ಕೆ ವಾಪಸು ಅರ್ಜಿ. ಕಾರಿನ ಬೆಲೆಗಿಂತ ಕಾಗದದ ಓಡಾಟ ಹೆಚ್ಚು. ಹಾಗಾಗಿ ಆ ಕಾರು ಊರಿನ ಕೊಟ್ಟಿಗೆಯಲ್ಲೇ ಕೋಳಿ ಗೂಡಾಗುತ್ತದೆ. ಅಂಥವರಿಗೆ ನನ್ನ ಸಲಹೆ, ಅದನ್ನು ತರಬೇಡಿ. ಅಲ್ಲಿಯೇ ಓಡುವಂತೆ ಮಾಡಿಸಿ, ಹಬ್ಬಕ್ಕೆ ಹೋದಾಗ ಓಡಿಸಿ. ಊರಿನ ಮಿಸ್ತ್ರಿಯ ಕೂಲಿ ಇಲ್ಲಿಗಿಂತ ಕಡಿಮೆ, ಪುರುಸೊತ್ತೂ ಇದೆ.

ಬಿಡಿಭಾಗ ಸಿಗುವುದಿಲ್ಲ ಎಂಬುದು ಅರ್ಧ ನಿಜ. ಕಂಪನಿಯ ಕೌಂಟರಿನಲ್ಲಿ ಕೇಳಿದರೆ ಸಿಗುವುದಿಲ್ಲ. ಆದರೆ ನಾವು ವಾಸಿಸುವ ಊರುಗಳು ಬಿಡಿಭಾಗದ ಗಣಿಗಳು. ಪುಣೆಯಲ್ಲಿ ನಾನಾ ಪೇಠ್, ಮುಂಬೈಯಲ್ಲಿ ಕುರ್ಲಾ, ಚೆನ್ನೈಯಲ್ಲಿ ಪುದುಪೇಟೆ, ಹೈದರಾಬಾದಿನಲ್ಲಿ ರಾಣಿಗಂಜ್, ದೆಹಲಿಯಲ್ಲಿ ಹೊಸದಕ್ಕೆ ಕಾಶ್ಮೀರಿ ಗೇಟ್, ಹಳೆಯದಕ್ಕೆ ಮಾಯಾಪುರಿ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ. ಫೋನಿನಲ್ಲಿ ಕೇಳಿದರೆ ‘ಇಲ್ಲ’ ಎನ್ನುತ್ತಾರೆ. ಹಳೆಯ ಭಾಗವನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಅವರ ಮುಂದೆ ಇಡಬೇಕು, ಚಹಾ ಕುಡಿಯಬೇಕು. ಡಿಸ್ಟ್ರಿಬ್ಯೂಟರಿನ ಕ್ಯಾಪು ನನಗೆ ಸಿಕ್ಕಿದ್ದು ಹಾಗೆ, ಮೂರನೇ ಭೇಟಿಯಲ್ಲಿ. ಪೆಟ್ರೋಲ್ ಪೈಪುಗಳನ್ನು ಮಾತ್ರ ಗುಜರಿಯಲ್ಲಿ ಹುಡುಕಬೇಡಿ. ಈಗ ದೇಶದ ಪೆಟ್ರೋಲಿನಲ್ಲಿ ಶೇಕಡ 20 ಎಥನಾಲ್ ಇದೆ. ಇಪ್ಪತ್ತು ವರ್ಷದ ಹಿಂದಿನ ರಬ್ಬರು ಅದಕ್ಕೆಂದು ಮಾಡಿದ್ದಲ್ಲ, ಊದುತ್ತದೆ, ಬಿರಿಯುತ್ತದೆ, ಬಿಸಿ ಎಂಜಿನ್ನಿನ ಮೇಲೆ ತೊಟ್ಟಿಕ್ಕುತ್ತದೆ. ಎಥನಾಲ್ ತಾಳುವ ಹೊಸ ಪೈಪು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಅಲ್ಲಿ ಜಿಪುಣತನ ಬೇಡ.

ನಾನು ನಿಜಕ್ಕೂ ಹೆದರುವುದು ಬಿಡಿಭಾಗ ಮುಗಿಯುವುದಕ್ಕಲ್ಲ, ಕೈಗಳು ಮುಗಿಯುವುದಕ್ಕೆ. ನಮ್ಮ ಮಿಸ್ತ್ರಿಗೆ ಅರವತ್ತು ದಾಟಿದೆ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಿಡಿದು ಯಾವ ಬೇರಿಂಗು ಅಳುತ್ತಿದೆ ಎಂದು ಹೇಳುತ್ತಾರೆ. ಅವರ ಇಬ್ಬರು ಮಕ್ಕಳಲ್ಲಿ ಒಬ್ಬ ಎಲೆಕ್ಟ್ರಿಕ್ ಸ್ಕೂಟರಿನ ಶೋರೂಮಿನಲ್ಲಿದ್ದಾನೆ, ಇನ್ನೊಬ್ಬ ಡೆಲಿವರಿ ಮಾಡುತ್ತಾನೆ. ತಪ್ಪೇನಿಲ್ಲ. ಆದರೆ ಇಂಥವರಿಗೆ ಕೆಲಸ ಕೊಡುವುದು ಓಡುವ ಹಳೆಯ ಕಾರುಗಳು. ಸ್ಟುಡಿಯೋಗಳು ಇವರನ್ನು ದಿನಗೂಲಿಗೆ ಕರೆಸಿಕೊಂಡು ಬಿಲ್ಲಿನಲ್ಲಿ ‘ಸ್ಪೆಶಲಿಸ್ಟ್’ ಎಂದು ಬರೆಯುತ್ತವೆ. ನಾವು ಕವರು ಹೊದಿಸಿ ‘ಪೂರ್ತಿ’ಗೆ ಕಾಯುವ ಹತ್ತು ವರ್ಷದಲ್ಲಿ, ಮಾಡಿಸಲು ದುಡ್ಡು ಬಂದರೂ ಮಾಡುವವರು ಇರುವುದಿಲ್ಲ.

ನಮ್ಮ ವಿಟೆಕ್ಕಿನ ಬಾನೆಟ್ಟಿನ ಮೇಲೆ ಬಿಸಿಲಿಗೆ ಬಣ್ಣ ಸುಲಿದ ಒಂದು ದೊಡ್ಡ ಮಚ್ಚೆ ಇದೆ, ಭಾರತದ ಭೂಪಟದ ಹಾಗೆ. ಸಿಗ್ನಲ್ಲಿನಲ್ಲಿ ಪಕ್ಕ ನಿಂತವರು ಕಿಟಕಿ ಇಳಿಸಿ “ಪೇಂಟ್ ಕಬ್ ಕರೋಗೆ ಸರ್?” ಎಂದು ಕೇಳುತ್ತಾರೆ. ಹಸಿರು ದೀಪ ಬಂದರೆ ಅವರಿಗೆ ಉತ್ತರ ಕೊಡುವಷ್ಟು ಹೊತ್ತು ಇರುವುದಿಲ್ಲ. ಮುಂದಿನ ತಿಂಗಳ ಹಣ ಹಿಂದಿನ ಶಾಕ್ ಅಬ್ಸಾರ್ಬರುಗಳಿಗೆ ಎಂದು ಗೊತ್ತಾಗಿದೆ.